ಬೀಗದಣ್ಣ ತೆಗೆದ ನಕಲು

ಬೀಗದ ಕೆಲಸದವನು ಬೀಗರ ಮುಂದೆ ಬೀಗಬಾರದು. ಈ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಬೀಗದಣ್ಣನಿಗೆ ಆ ಭಾನುವಾರ ಮಧ್ಯಾಹ್ನ ಅಷ್ಟು ಮುಜುಗರವಾಗುತ್ತಿರಲಿಲ್ಲ.

ಮಗಳ ಅತ್ತೆ ಮಾವ ಬಂದಿದ್ದರು. ಊಟ ಮುಗಿದಿತ್ತು, ಮಾತೂ ಮುಗಿದಿತ್ತು. ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನೆ ನಗುವ ಹೊತ್ತು. ಆಗ ಬೀಗದಣ್ಣ ಗಂಟಲು ಸರಿಮಾಡಿಕೊಂಡ.

"ನಮ್ಮ ಮನೆಯವಳಿಗೆ ಬಹಳ ಇಷ್ಟದ ಹಳೇ ಸಿನಿಮಾ ಒಂದಿದೆ. ಡಿಸ್ಕು ಹಾಳಾಗ್ತಾ ಬಂದಿತ್ತು. ನಾನೇ ಕಂಪ್ಯೂಟರಿಗೆ ಕಾಪಿ ಮಾಡಿ ಇಟ್ಟಿದೀನಿ. ನೋಡೋಣ್ವಾ?"

"ಓಹೋ, ನೀವೇ ಮಾಡಿದ್ರಾ?" ಎಂದರು ಬೀಗರು. ಬೀಗದಣ್ಣ ಬೀಗಿದ.

ಸಿನಿಮಾ ಶುರುವಾಯಿತು. ಮೊದಲ ದೃಶ್ಯವೇ ಶವಯಾತ್ರೆ. ಪುಟ್ಟ ರೈಲು ನಿಲ್ದಾಣವೊಂದರ ಮುದಿ ಸ್ಟೇಷನ್ ಮಾಸ್ತರರು ತೀರಿಕೊಂಡಿದ್ದರು. ಬೀಗರು "ಪಾಪ" ಎಂದರು. ಮರುಕ್ಷಣವೇ ಅದೇ ಮಾಸ್ತರರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಸಿರು ಬಾವುಟ ಬೀಸತೊಡಗಿದರು.

"ಇವರು ಈಗ ತಾನೆ ಹೋದರಲ್ಲ?"

"ಹಳೇದು ನೆನಪಾಗ್ತಿದೆಯೇನೋ," ಎಂದಳು ಬೀಗಿತ್ತಿ.

"ಯಾರಿಗೆ? ಹೋದವರಿಗಾ?"

ಅಷ್ಟರಲ್ಲಿ ನಾಯಕಿ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಬಂದಳು. ಅದಾದ ಮೇಲೆ ಅವಳ ಮದುವೆ ನಡೆಯಿತು. ಮದುವೆ ಮುಗಿದದ್ದೇ ಅವಳು ಟಿಕೆಟ್ ಕಿಟಕಿಯ ಹಿಂದೆ ಕುಳಿತು, ಅದೇ ಗಂಡನನ್ನು ನೋಡಿ, "ನಿಮ್ಮ ಹೆಸರೇನು?" ಎಂದು ಕೇಳಿದಳು.

ಬೀಗರು ಕನ್ನಡಕ ತೆಗೆದು ಒರೆಸಿಕೊಂಡರು. "ಮಗು ಮೊದಲು, ಮದುವೆ ಆಮೇಲೆ, ಪರಿಚಯ ಕಟ್ಟಕಡೆಗೆ. ಹಳೇ ಸಿನಿಮಾ ಅಂದ್ರಿ, ಇದು ಈಗಿನ ಕಾಲದ್ದೇ ಇದ್ದ ಹಾಗಿದೆಯಲ್ಲ!"

ಎಲ್ಲರೂ ನಕ್ಕರು. ಬೀಗದಣ್ಣನ ಹೆಂಡತಿ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೀಗದಣ್ಣ ಎಂಬುದು ಬೀದಿ ಇಟ್ಟ ಹೆಸರು. ಮೀಸೆ ಕಪ್ಪಗಿದ್ದ ದಿನಗಳಿಂದ ಒಂದು ಮಹಡಿ ಮೆಟ್ಟಿಲಿನ ಕೆಳಗಿನ ಗೂಡಿನಂಥ ಜಾಗದಲ್ಲಿ ಕುಳಿತು ಕೀ ಮಾಡುತ್ತಿದ್ದಾನೆ. ಹಿಂದೆ ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲು ಮೂಡದ ಕೀಗಳು. ಮುಂದೆ ಕಿರ್ರೆನ್ನುವ ಯಂತ್ರ. ಅಂಗಿಯ ತೋಳಿನ ಮೇಲೆ ಸದಾ ಹಿತ್ತಾಳೆಯ ಪುಡಿ. ಹಣೆ ಒರೆಸಿಕೊಂಡರೆ ಹಣೆಯೂ ಮಿನುಗುತ್ತದೆ. ಮನೆಯಲ್ಲಿ ಹೆಂಡತಿ, "ನಮ್ಮನೇಲಿ ಚಿನ್ನ ಇರೋದು ಇವರ ಹಣೇಲಿ ಮಾತ್ರ," ಎನ್ನುತ್ತಾಳೆ.

ಕೀ ಮಾಡುವುದು ಅರ್ಧ ಕೆಲಸ. ಇನ್ನರ್ಧ, ಬಾಗಿಲಾಚೆ ಸಿಕ್ಕಿಬಿದ್ದವರು ಫೋನ್ ಮಾಡಿದಾಗ ಚೀಲ ಹೆಗಲಿಗೇರಿಸಿ ಓಡುವುದು. ಫೋನ್ ಮಾಡುವವರೆಲ್ಲ ಅವಸರದವರೇ. ಒಲೆಯ ಮೇಲೆ ಹಾಲು, ತೊಟ್ಟಿಲಲ್ಲಿ ಮಗು, ಇಲ್ಲವೇ ಹೊಟ್ಟೆಯಲ್ಲಿ ತಡೆಯಲಾರದ ಒತ್ತಡ. ಬೀಗದಣ್ಣ ಮಂಡಿಯೂರಿ ಕೂರುತ್ತಾನೆ, ಕಿವಿ ಕೊಡುತ್ತಾನೆ, ತಂತಿ ಆಡಿಸುತ್ತಾನೆ. ಬಾಗಿಲು ತೆರೆಯಿತೋ, ಅವರು ಒಳಗೆ ಓಡುತ್ತಾರೆ. ಊರಿನ ಅರ್ಧ ಬಾಗಿಲುಗಳನ್ನು ಅವನು ತೆರೆದಿದ್ದಾನೆ. ಕಂಡಿರುವುದು ಮಾತ್ರ ಕಾಲೊರೆಸುವ ಚಾಪೆಗಳನ್ನು. ಈಗ ಮಂಡಿ ನೋಯುತ್ತದೆ. ಬೀಗ ತೆಗೆಯುವುದಕ್ಕಿಂತ, ತೆಗೆದ ಮೇಲೆ ಎದ್ದು ನಿಲ್ಲುವುದೇ ದೊಡ್ಡ ಕೆಲಸ.

ಆ ಡಿಸ್ಕೂ ಬೀಗದಿಂದಲೇ ಬಂದದ್ದು. ಎಷ್ಟೋ ವರ್ಷದ ಹಿಂದೆ ಒಂದು ಕ್ಯಾಸೆಟ್ ಅಂಗಡಿಯ ಷಟರ್ ಕಚ್ಚಿಕೊಂಡಿತ್ತು. ತೆಗೆದುಕೊಟ್ಟ ಖುಷಿಗೆ ಅಂಗಡಿಯವನು, ಯಾರೂ ಕೇಳದ ಸಿನಿಮಾ ಒಂದನ್ನು ಕೈಗಿತ್ತು ಕಳಿಸಿದ್ದ. ಬಿಡುಗಡೆಯಾದ ವಾರವೇ ಎತ್ತಂಗಡಿಯಾದ ಚಿತ್ರ. ಆಮೇಲೆ ಟಿವಿಯಲ್ಲೂ ಬರಲಿಲ್ಲ, ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹೆಂಡತಿ ಅದೊಂದನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಿದ್ದಳು. ಈಗ ಡಿಸ್ಕಿನ ಅಂಚು ಕಂದುಬಣ್ಣಕ್ಕೆ ತಿರುಗಿದೆ. ಪ್ಲೇಯರಿಗೂ ಕಣ್ಣು ಮಂಜು. ಸಿನಿಮಾ ಅರ್ಧಕ್ಕೆ ಬಂದಾಗ ಮಾಸ್ತರರ ಬಾವುಟದ ಕೈ ಮೇಲೆಯೇ ನಿಂತುಬಿಡುತ್ತದೆ. ಹಸಿರು ಬಾವುಟವಿದ್ದರೂ ಗಾಡಿ ಮುಂದೆ ಹೋಗುವುದಿಲ್ಲ.

"ಹೋಗ್ಲಿ ಬಿಡಿ, ಮುಂದಿಂದು ನನಗೆ ಗೊತ್ತಲ್ಲ," ಎಂದಿದ್ದಳು. ಆದರೂ ವಾರಕ್ಕೊಮ್ಮೆ ಹಾಕಿ, ನಿಂತ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಆರಿಸಿ ಏಳುತ್ತಿದ್ದಳು. ಅದನ್ನು ಕಂಡೇ ಬೀಗದಣ್ಣ ಅಳಿಯನ ಹಳೇ ಕಂಪ್ಯೂಟರನ್ನು ಮನೆಗೆ ತಂದದ್ದು.

ತಂದ ಮೇಲೆ ಗೊತ್ತಾಯಿತು, ಯಾರೂ ಕಾಪಿ ಮಾಡದಂತೆ ಡಿಸ್ಕಿಗೆ ಬೀಗವಿದೆ.

"ಅದನ್ನ ಮುರಿಯೋ ಪ್ರೋಗ್ರಾಂ ಇದೆ ಮಾವ, ಹಾಕಿಕೊಡ್ತೀನಿ," ಎಂದಿದ್ದ ಅಳಿಯ.

"ಯಜಮಾನರು ಎದುರಿಗೆ ನಿಲ್ಲದೆ ನಾನು ಯಾವ ಬೀಗಕ್ಕೂ ಕೈ ಹಾಕಿದವನಲ್ಲ ಅಳಿಯಂದ್ರೇ."

"ಯಜಮಾನರು ನೀವೇ ಅಲ್ವಾ? ಡಿಸ್ಕ್ ನಿಮ್ಮದು."

"ಡಿಸ್ಕ್ ನಮ್ಮದು. ಬೀಗ ಅವರದು."

"ಹಾಗಾದ್ರೆ ಆ ಕಂಪನಿಯವರನ್ನೇ ಕೇಳ್ಬೇಕು. ಅವರೇ ಕಂಪನಿಗೆ ಬೀಗ ಹಾಕ್ಕೊಂಡು ಹೋಗಿ ಎಷ್ಟು ಕಾಲ ಆಯ್ತೋ!"

ಯಜಮಾನನಿಲ್ಲದ ಬೀಗ. ಬೀಗದಣ್ಣನಿಗೆ ಮನಸ್ಸು ಪೂರ್ತಿ ಒಪ್ಪಲಿಲ್ಲ. ಆದರೆ ಆ ನಿಂತ ಕೈ ಕಣ್ಣ ಮುಂದೆ ಬಂದು, ಸರಿ ಎಂದ. ಒಂದು ಕಾಪಿ ಆಗುವಷ್ಟರಲ್ಲಿ ಮೂರು ಕಾಫಿ ಆಗುತ್ತಿತ್ತು. ಹಾಗೆ ಕಾದು ತೆಗೆದ ನಕಲೇ ಬೀಗರ ಮುಂದೆ ಮಾನ ಕಳೆದದ್ದು.

ಅಂದು ಬೀಗರು ಹೊರಟ ಮೇಲೆ ಅಳಿಯನಿಗೆ ಫೋನ್ ಹಚ್ಚಿದ. ಅಳಿಯ ನಗುವನ್ನು ತಡೆದುಕೊಂಡೇ ವಿವರಿಸಿದ. "ಕಾಪಿ ಮಾಡೋರ ದಾರಿ ತಪ್ಪಿಸೋಕೆ ಅಂತಾನೇ ಹಾಗೆ ಮಾಡಿರ್ತಾರೆ ಮಾವ. ಸಿನಿಮಾನ ತುಂಡು ತುಂಡು ಮಾಡಿ ಎಷ್ಟೋ ಥರ ಪೋಣಿಸಿರ್ತಾರೆ. ಸರಿಯಾದ್ದು ಒಂದೇ. ಅದ್ಯಾವುದು ಅಂತ ಪ್ಲೇಯರಿಗೆ ಗೊತ್ತು. ಕಂಪ್ಯೂಟರು ಪೆದ್ದು, ಕೈಗೆ ಸಿಕ್ಕಿದ್ದನ್ನ ಹಿಡ್ಕೊಳ್ಳುತ್ತೆ."

"ಅಂದ್ರೆ ಒಂದು ಗೊಂಚಲು ಕೀ. ಎಲ್ಲಾನೂ ತೂತಿಗೆ ಹೋಗ್ತವೆ, ತಿರುಗೋದು ಒಂದೇ."

"ಅದೇ ಮಾವ. ಒಂದೊಂದಾಗಿ ಹಾಕಿ ನೋಡ್ಬೇಕು. ಸರಿಯಾದ್ದು ಬಂದ್ರೆ ನಿಮಗೇ ಗೊತ್ತಾಗುತ್ತಲ್ಲ."

ಬೀಗದಣ್ಣ ಹೂಂ ಎಂದು ಫೋನಿಟ್ಟ. ಗೊತ್ತಾಗುವುದು ಹೇಗೆ? ಅವನು ಆ ಸಿನಿಮಾವನ್ನು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ.

ಅಂದಿನಿಂದ ಅಂಗಡಿ ಮುಚ್ಚಿ ಬಂದವನು ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂರತೊಡಗಿದ. ಹಗಲೆಲ್ಲ ಕೀ, ಸಂಜೆಯೂ ಕೀ. ಡಿಸ್ಕು ಪೆಟ್ಟಿಗೆಯೊಳಗೆ ಕರಕರ ಅನ್ನುತ್ತಿತ್ತು, ಪ್ರತಿ ಸಲವೂ ಕೊಂಚ ಜೋರಾಗಿ. ಸರಿಯಾದದ್ದು ಸಿಗುವ ಮೊದಲೇ ಇದು ಕಣ್ಣು ಮುಚ್ಚಿದರೆ? ಆ ಯೋಚನೆಗೆ ಅವನ ಮಂಡಿ ಇನ್ನಷ್ಟು ನೋಯುತ್ತಿತ್ತು.

ಒಂದು ಸಂಜೆ ಹೊಸ ನಕಲೊಂದನ್ನು ಹಾಕಿ ಕೂತಿದ್ದ. ಕಥೆ ನೆಟ್ಟಗೇ ಸಾಗುತ್ತಿದೆ ಅನ್ನಿಸಿತು.

"ಇದಲ್ಲ," ಎಂದಿತು ಅಡುಗೆಮನೆ.

"ಚೆನ್ನಾಗೇ ಹೋಗ್ತಿದೆಯಲ್ಲೇ!"

"ಆ ಹುಡುಗಿ ಕೊಡೆ ಕಳ್ಕೊಳ್ಳೋಕೆ ಮುಂಚೇನೇ ಹುಡುಕ್ತಿದಾಳೆ. ಇದಲ್ಲ."

"ನೀನು ನೋಡ್ತಾನೇ ಇಲ್ಲ, ಅಲ್ಲಿಂದ ಹೇಗೆ ಹೇಳ್ತೀಯ?"

ಅವಳು ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. "ನಾನು ಯಾವತ್ತು ಪೂರ್ತಿ ಕೂತು ನೋಡಿದ್ದೆ? ಕೊಡೆ ಕಳೆಯೋ ಹೊತ್ತಿಗೆ ಅತ್ತೆನ ಎಡಮಗ್ಗುಲಿಗೆ ಹೊರಳಿಸ್ತಿದ್ದೆ. ಆ ಕಡೆ ತಿರುಗಿದ್ರೆ ಅವರಿಗೆ ಟಿವಿ ಕಾಣ್ತಿರಲಿಲ್ಲ. 'ಸಿಕ್ತಾ, ಸಿಕ್ತಾ' ಅಂತ ಪ್ರಾಣ ತಿನ್ನೋರು. 'ಸಿಕ್ತು ಅತ್ತೆ' ಅಂತ ನಾನು ಹೇಳೋದು. ಆಮೇಲೆ ಬೆನ್ನು ಒರೆಸೋದು. ಬೆನ್ನು ಮುಗಿಯೋ ಹೊತ್ತಿಗೆ ಸೇತುವೆ ಸೀನು ಬರೋದು."

ಬೀಗದಣ್ಣನ ತಾಯಿ ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಹಾಗೆಯೇ ವರ್ಷಗಟ್ಟಲೆ ಮಲಗಿದ್ದಳು. ಬಾಯಿಗೆ ಮಾತ್ರ ಬೀಗವಿರಲಿಲ್ಲ. ಸೊಸೆ ಮಾಡಿದ್ದೆಲ್ಲ ತಪ್ಪು, ಮಾಡದ್ದು ಇನ್ನೂ ದೊಡ್ಡ ತಪ್ಪು. ದಿನಕ್ಕೊಂದು ಸಲ, ಮಧ್ಯಾಹ್ನ ಆ ಸಿನಿಮಾ ಹಾಕಿದಾಗ ಮಾತ್ರ ಆ ಕೋಣೆಯಲ್ಲಿ ಜಗಳವಿರುತ್ತಿರಲಿಲ್ಲ. ಇದೆಲ್ಲ ಬೀಗದಣ್ಣನಿಗೆ ಕೇಳಿ ಗೊತ್ತು.

"ಸರಿ, ಮಾಸ್ತರು ಸಾಯೋದು ಯಾವಾಗ?"

"ಮಾತ್ರೆ ಹೊತ್ತಿಗೆ. ಬೇರೆ ಹೊತ್ತಲ್ಲಿ ಕೊಟ್ರೆ ನನ್ನ ಮುಖಕ್ಕೇ ಉಗಿಯೋರು. ಅಲ್ಲಿ ಅಳ್ತಾ ಅಳ್ತಾ ನುಂಗಿಬಿಡೋರು. ಅದಕ್ಕೇ ಸಿನಿಮಾನ ಲೆಕ್ಕ ಹಾಕಿ ಶುರು ಮಾಡ್ತಿದ್ದೆ."

"ಮಗು?"

"ಮಗು ಬರೋಷ್ಟರಲ್ಲಿ ಮಾತ್ರೆ ಹತ್ತಿ ನಿದ್ದೆ ಹೋಗೋರು. ಅಲ್ಲಿಂದ ಕೊನೇವರೆಗೂ ನಾನೊಬ್ಬಳೇ. ದನಿ ಸಣ್ಣಗೆ ಮಾಡ್ಕೊಂಡು ನೆಲದ ಮೇಲೆ ಕಾಲು ಚಾಚಿ ಕೂತ್ಕೊತಿದ್ದೆ. ಇಡೀ ದಿನದಲ್ಲಿ ನನ್ನ ಪಾಲಿಗೆ ಅಂತ ಇದ್ದದ್ದು ಅಷ್ಟೇ. ಈಗ ಪ್ಲೇಯರು ನಿಂತುಹೋಗುತ್ತಲ್ಲ, ಅದರಿಂದ ಮುಂದಕ್ಕೇ ಇರೋದು ಅದೆಲ್ಲ."

"ನಾನೆಲ್ಲಿದ್ದೆ ಆಗ?"

"ಯಾರದೋ ಬಾಗಿಲಲ್ಲಿ."

ಅದರಲ್ಲಿ ದೂರಿರಲಿಲ್ಲ. ವಿಳಾಸ ಹೇಳುವ ದನಿಯಿತ್ತು. ಬೀಗದಣ್ಣ ಮುಂದಿನ ನಕಲಿಗೆ ಹೋದ.

ಆಮೇಲೆ ಕೆಲಸ ಬೇಗ ಸಾಗಿತು. ಅವನು ಹಾಕುವುದು, ಅವಳು ಒಳಗಿನಿಂದ ಕೇಳಿ ತೀರ್ಪು ಕೊಡುವುದು. "ಇದಲ್ಲ, ಬೆನ್ನು ಒರೆಸೋಕೆ ಮುಂಚೆ ಸೇತುವೆ ಬಂತು." "ಇದೂ ಅಲ್ಲ, ಮಾತ್ರೆಗೆ ಮುಂಚೇನೇ ಮದುವೆ ಆಗಿಹೋಯ್ತು." ಹೊರಗಿನವರು ಕೇಳಿದ್ದರೆ ಇದು ಆಸ್ಪತ್ರೆಯ ಕಥೆ ಅಂದುಕೊಳ್ಳುತ್ತಿದ್ದರು.

ಕೊನೆಗೆ ಒಂದು ರಜಾದಿನ ಬೆಳಿಗ್ಗೆ ಕೊಡೆ ಕಳೆಯಿತು, ಆಮೇಲೆ ಸಿಕ್ಕಿತು. ಸೇತುವೆ ತನ್ನ ಹೊತ್ತಿಗೆ ಬಂತು. ಮಾಸ್ತರರು ಎತ್ತಿದ ಕೈಯನ್ನು ಇಳಿಸಿದರು, ಗಾಡಿ ಹೊರಟಿತು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಹೆಂಡತಿ ಬಂದು, ಕುರ್ಚಿಯಿದ್ದರೂ ನೆಲದ ಮೇಲೆಯೇ ಕೂತಳು.

ಅಷ್ಟರಲ್ಲಿ ಬೀಗದಣ್ಣನ ಫೋನ್ ಬಡಿದುಕೊಂಡಿತು. ಯಾರೋ ಹೊರಗೆ ಸಿಕ್ಕಿಬಿದ್ದಿದ್ದರು. "ಒಂದು ಗಂಟೆ ಆಗುತ್ತೆ. ನೆರಳಲ್ಲಿ ನಿಂತಿರಿ," ಎಂದು ಫೋನಿಟ್ಟು ಅವನೂ ಹೆಂಡತಿಯ ಪಕ್ಕ ನೆಲಕ್ಕಿಳಿದ. ಇಳಿಯುವಾಗ ಮಂಡಿ ಕಟಕ್ಕೆಂದಿತು.

ಮಾಸ್ತರರು ಸತ್ತರು. ಮಗು ಬಂತು. ಹೆಂಡತಿಯ ಕೈ ತಾನಾಗಿ ಹೋಗಿ ದನಿ ಸಣ್ಣಗೆ ಮಾಡಿತು. ಮನೆಯಲ್ಲಿ ಮಲಗಿದವರು ಯಾರೂ ಇರಲಿಲ್ಲ. ಬೀಗದಣ್ಣ ಸ್ವಲ್ಪ ಮುಂದಕ್ಕೆ ಬಾಗಿ ಕಿವಿ ಕೊಟ್ಟ. ಆ ಭಂಗಿ ಅವನಿಗೆ ಅಭ್ಯಾಸವಾದದ್ದೇ. ಕಥೆ ಅವನಿಗೆ ಅಂಥ ವಿಶೇಷವಾಗಿ ಕಾಣಲಿಲ್ಲ. ಆದರೆ ಚಾಚಿದ ಅವಳ ಕಾಲುಗಳು ಅಷ್ಟು ನಿರಾಳವಾಗಿದ್ದುದನ್ನು ಅವನು ಬಹಳ ಕಾಲದಿಂದ ಕಂಡಿರಲಿಲ್ಲ.

ಸಿನಿಮಾ ಮುಗಿಯಿತು. ಅವಳು ಎದ್ದು, ಪರದೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

"ಇನ್ನು ಇದು ಎಲ್ಲೂ ಹೋಗಲ್ಲ ಅಲ್ವಾ?"

ಬೀಗದಣ್ಣ ಗೋಡೆ ಹಿಡಿದು ನಿಧಾನಕ್ಕೆ ಮೇಲೆದ್ದ.

"ಕಂಪ್ಯೂಟರ್ ರಿಪೇರಿಯವನನ್ನ ಕೇಳ್ದೆ ಕಣೇ. ಇದರೊಳಗಿನ ಹಾರ್ಡ್‌ಡಿಸ್ಕು ಐದು ವರ್ಷ ಬಂದ್ರೆ ಹೆಚ್ಚು ಅಂದ. ಇದಕ್ಕಿಂತ ಇಷ್ಟು ವರ್ಷ ಬಂದ ಆ ಸಿನಿಮಾ ಡಿಸ್ಕೇ ಗಟ್ಟಿಯಂತೆ."