‘ತೆಗೆ’ ಅಂದರೆ ತೆರೆಯೂದಲ್ಲ: ಗಿರಣಿ ಶಿವಕಾಂತಾರ ಟಿಪ್ಪಣಿ

ನಿಂಬರ್ಗಾದಲ್ಲಿ ಬೆಳಕು ಹರಿಯುವ ಹೊತ್ತು. ಹಿಟ್ಟಿನ ಗಿರಣಿಯ ಬಾಗಿಲು ತೆರೆದಿದೆ, ಕರೆಂಟ್ ಇನ್ನೂ ಬಂದಿಲ್ಲ. ಜೋಳದ ಡಬ್ಬಿಗಳ ಪಕ್ಕದಲ್ಲಿ ಕುಳಿತ ಶಿವಕಾಂತಾ ಒಂದೇ ಬೆರಳಿನಿಂದ ಮೊಬೈಲಿನಲ್ಲಿ ಕನ್ನಡ ಒತ್ತುತ್ತಿದ್ದಾರೆ. ಹಿಟ್ಟಿನ ಧೂಳು ಬೀಳದಿರಲೆಂದು ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿದೆ.

“ಇಷ್ಟು ನಸುಕಿನ್ಯಾಗ ಯಾರಿಗಿ ಬರಿಯಾಕತ್ತೀಬೇ?” ಬೀಸಿಸಲು ತಂದ ಜೋಳದ ಡಬ್ಬಿ ಇಳಿಸುತ್ತ ಸುಮಿತ್ರಾಬಾಯಿ ಕೆಣಕುತ್ತಾರೆ.

“ಗುರುತಿಲ್ಲದೋರಿಗಿ,” ಎನ್ನುವ ಶಿವಕಾಂತಾ ತಲೆ ಎತ್ತುವುದಿಲ್ಲ.

ಮಾತು ನಿಜ. ಧ್ವನಿ ಮುದ್ರಿಸಿಕೊಳ್ಳುವ ಮುಕ್ತ ತಂತ್ರಾಂಶವೊಂದಿದೆ. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ತಿದ್ದಬಹುದು. ಅದನ್ನು ಬಳಸುವ ಬಗೆ ತಿಳಿಸುವ ಪುಟಗಳ ಕೆಳಗೆ ಬಳಸುವವರೇ ಟಿಪ್ಪಣಿ ಬರೆಯಲು ಜಾಗವಿದೆ. ಪುಸ್ತಕದ ಕನ್ನಡ ಎಲ್ಲೆಲ್ಲಿ ತೊಡಕಾಗುತ್ತದೋ ಅಲ್ಲೆಲ್ಲ ಶಿವಕಾಂತಾ ತಮ್ಮ ಕಡೆಯ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಸಂಬಳವಿಲ್ಲ, ಸನ್ಮಾನವಂತೂ ಇಲ್ಲವೇ ಇಲ್ಲ. ಊರಿಗೆ ಗೊತ್ತಿರುವುದು ಅವರ ಗಿರಣಿಯ ನುಣ್ಣನೆಯ ಹಿಟ್ಟು ಮಾತ್ರ.

ಅವರನ್ನು ಈ ಕೆಲಸಕ್ಕೆ ಎಳೆದದ್ದು ಒಂದು ಪದ. ತಾಯಿ ರೇವಮ್ಮ ಬೀಸುವ ಕಲ್ಲಿನ ಹಾಡುಗಳ ಕಣಜವಾಗಿದ್ದರು. ಹಾಸಿಗೆ ಹಿಡಿದ ಮೇಲೂ ಹಾಡಿದ್ದನ್ನು ಮಗಳು ಇದೇ ತಂತ್ರಾಂಶದಿಂದ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ಒಂದು ದಿನ ಆ ದನಿ ಕೇಳಬೇಕೆನಿಸಿತು. ಪರದೆಯ ಮೇಲೆ ‘ತೆಗೆ’ ಎಂಬ ಗುಂಡಿ ಕಂಡಿತು. ಈ ಸೀಮೆಯಲ್ಲಿ ಬಾಗಿಲು ತೆಗಿ ಎಂದರೆ ಬಾಗಿಲು ತೆರೆ ಎಂದೇ ಅರ್ಥ. ಒತ್ತಿಬಿಟ್ಟರು. ಆದರೆ ಅನುವಾದಿಸಿದವರ ಮನಸ್ಸಿನಲ್ಲಿದ್ದದ್ದು ‘ತೆಗೆದುಹಾಕು’. ಗುಂಡಿಯಲ್ಲಿ ಜಾಗ ಸಾಲದೆ ಅದು ಬರೀ ‘ತೆಗೆ’ ಆಗಿತ್ತು.

“ಬಾಗಿಲಾ ತೆಗೀತದ, ಅವ್ವ ಹಾಡ್ತಾಳ ಅಂತ ಒತ್ತಿದ್ನಿರಿ. ಅವ್ವ ಎರಡನೇ ಸಲ ಹೋದ್ಳು,” ಎನ್ನುತ್ತಾರೆ. “ಅತ್ತು ಅತ್ತು ಸಾಕಾಯ್ತು. ಮತ್ತೊಬ್ಬರಿಗಿ ಹಿಂಗ ಆಗಬಾರ್ದು ಅಂತ ಬರದ್ನಿ.”

ಅದೇ ಅವರ ಮೊದಲ ಟಿಪ್ಪಣಿ: “ನಮ್ಮ ಕಡೀ ಮಂದಿಗಿ ಹೇಳೂದು. ಇಲ್ಲಿ ತೆಗೆ ಅಂದರ ತೆರೆಯೂದಲ್ಲ, ಅಳಿಸೂದು. ಒತ್ತಬ್ಯಾಡ್ರಿ.”

ಬಹಳ ದಿನ ಯಾರೂ ಮಾತಾಡಲಿಲ್ಲ. ಕೊನೆಗೊಮ್ಮೆ ಅದರ ಕೆಳಗೆ ಅಫಜಲಪುರದ ಗೌಸಿಯಾಬೇಗಂ ಬರೆದರು. ಮೊಹರಂನಲ್ಲಿ ರಿವಾಯತ್ ಪದ ಹಾಡುತ್ತಿದ್ದ ಅವರ ತಂದೆ ಈಗಿಲ್ಲ. ಉಳಿದಿರುವುದು ಮೊಬೈಲಿನೊಳಗಿನ ದನಿಯೊಂದೇ. “ಅಕ್ಕಾ, ಬೆರಳು ಗುಂಡಿ ಮ್ಯಾಲೇ ಇತ್ತು. ನಿಮ್ಮ ಮಾತು ಓದಿ ಹಿಂದಕ್ಕ ತಗೊಂಡ್ನಿ. ಅಬ್ಬಾನ ಆವಾಜ್ ಉಳೀತು. ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿ?”

ಅದನ್ನು ಓದಿದ ದಿನ ಶಿವಕಾಂತಾ ಹಿಟ್ಟು ಮೆತ್ತಿದ ಸೆರಗಿನಲ್ಲೇ ಕಣ್ಣೊರೆಸಿಕೊಂಡರಂತೆ. ತಾನು ಎಡವಿದ ಕಲ್ಲನ್ನು ಹಿಂದೆ ಬರುವವರಿಗಾಗಿ ಬದಿಗೆ ಸರಿಸುವ ಇಂಥವರಿಗೆ ನಾವೆಲ್ಲ ಋಣಿಗಳೇ.

ಈ ಇಬ್ಬರ ಮಾತು ತಂತ್ರಾಂಶ ಕಟ್ಟುವವರ ಕಣ್ಣಿಗೂ ಬಿದ್ದಿತು. ಹೋದ ವಾರ ಗುಂಡಿಯ ಹೆಸರು ‘ಅಳಿಸು’ ಎಂದು ಬದಲಾಯಿತು. ಇನ್ನು ಅಗತ್ಯವಿಲ್ಲವೆಂದು ಶಿವಕಾಂತಾರ ಟಿಪ್ಪಣಿಯನ್ನೂ ಅಲ್ಲಿಂದ ತೆಗೆದುಹಾಕಿದ್ದಾರೆ. ಬೇಸರವಾಗಲಿಲ್ಲವೇ ಎಂದು ಕೇಳುವಷ್ಟರಲ್ಲಿ ಕರೆಂಟ್ ಬರುತ್ತದೆ. ಅವರು ಸುಮಿತ್ರಾಬಾಯಿಯ ಜೋಳ ಸುರಿದು, ಗಿರಣಿಯ ಸದ್ದಿನ ಮೇಲೆ ದನಿ ಎತ್ತುತ್ತಾರೆ.

“ಯಾಕ್ರಿ ಬ್ಯಾಸರ? ನನ್ನ ಮಾತು ಅಳಿಸ್ಯಾರ. ಇನ್ನ ಯಾರ ಅವ್ವನ ದನಿನೂ ಅಳಿಯಂಗಿಲ್ಲ.”