ಕಲ್ಲವ್ವ ಹಾಕದ ಸಹಿ

ಪುಣೆಯ ಶಿವಾಜಿನಗರದ ಕೋರ್ಟಿನ ಹೊರಗೆ ಟೈಪ್ ಹೊಡೆಯುತ್ತಿದ್ದ ಧರ್ಮಣ್ಣನಿಗೆ ಇಂಗ್ಲಿಷ್ ಬರುತ್ತಿತ್ತು. ಅದೇ ಅವನ ದೊಡ್ಡಸ್ತಿಕೆ. ಕೋಥರೂಡದ ಕನ್ನಡದವರು ಇಂಗ್ಲಿಷ್ ಕಾಗದ ಬಂದರೆ ಭಾನುವಾರ ಅವನ ಮನೆಗೇ ತರುತ್ತಿದ್ದರು. ಪುಣ್ಯಾತ್ಮ ಓದಿ ಹೇಳಿ ಸುಮ್ಮನಿರುತ್ತಿದ್ದನೇ? ಬುದ್ಧಿಯನ್ನೂ ಹೇಳಿ ಕಳಿಸುತ್ತಿದ್ದ.

ಕಲ್ಲವ್ವ ಬಿಜಾಪುರ ಕಡೆಯವಳು. ಗಂಡ ಸತ್ತ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕಿದವಳು. 2001ರಲ್ಲಿ ಇಪ್ಪತ್ತು ವರ್ಷದ ಸಾಲ ಮಾಡಿ ಒಂದು ಕೋಣೆಯ ಫ್ಲ್ಯಾಟು ಕೊಂಡಳು. ತಿಂಗಳ ಕಂತು ಬದಲಾಗುವುದಿಲ್ಲ. ಬಡ್ಡಿ ಏರಿದರೆ ಕಟ್ಟುವ ವರ್ಷಗಳು ಹೆಚ್ಚುತ್ತವೆ, ಇಳಿದರೆ ಕಡಿಮೆಯಾಗುತ್ತವೆ.

2003ರಲ್ಲಿ ಸಾಲ ಕೊಟ್ಟ ಕಂಪನಿಯಿಂದ ಕಾಗದ ಬಂತು. ಬಡ್ಡಿ ಅಳೆಯುವ ಹಳೆಯ ಮೂಲದರದ ಜಾಗಕ್ಕೆ ಹೊಸ ಮೂಲದರ ಬಂದಿದೆ. ಹಳೆಯ ಸಾಲಗಾರರು ಮೂರು ತಿಂಗಳೊಳಗೆ ಎರಡು ಸಾವಿರ ಕಟ್ಟಿ ಸಹಿ ಹಾಕಿದರೆ ಹೊಸದಕ್ಕೆ ಬರಬಹುದು ಅಂತ. ಧರ್ಮಣ್ಣ ಒಂದಕ್ಷರ ಬಿಡದೆ ಓದಿದ. ಅರ್ಥವೂ ಆಯಿತು. ಆದರೆ ಎರಡನೇ ಸಲ ಸಹಿ ಹಾಕಿ ಹೊಲ ಮನೆ ಕಳೆದುಕೊಂಡವರ ಅಫಿಡವಿಟ್ಟುಗಳನ್ನು ಇಪ್ಪತ್ತು ವರ್ಷ ಟೈಪ್ ಮಾಡಿದವನು ಅವನು.

"ಕಲ್ಲವ್ವಾ, ಒಮ್ಮೆ ಪತ್ರ ಆದ ಮ್ಯಾಲ ಮತ್ತ ಸಹಿ ಕೇಳೂದು ಅಂದ್ರ ಮೋಸ. ರೊಕ್ಕಾನೂ ಕೊಡಬ್ಯಾಡ, ಸಹೀನೂ ಹಾಕಬ್ಯಾಡ."

"ನೀವು ಹೇಳಿದ ಮ್ಯಾಲ ಮುಗೀತ್ರಿ ಧರ್ಮಣ್ಣಾರ," ಎಂದು ಆಕೆ ಓದಿಸಿದ್ದಕ್ಕೆ ನಾಲ್ಕು ರೊಟ್ಟಿ ಇಟ್ಟು ಹೋದಳು. ಯಾವಾಗಲೂ ಅಷ್ಟೇ, ನಾಲ್ಕು ರೊಟ್ಟಿ.

ಸಹಿ ಹಾಕಿದವರ ಬಡ್ಡಿ ಸರ್ರನೆ ಇಳಿಯಿತು. ಹಳೆಯ ಮೂಲದರದಲ್ಲೇ ಉಳಿದವರದು ಇಳಿಯಲೇ ಇಲ್ಲ. ಏರುವ ಕಾಲ ಬಂದಾಗ ಮಾತ್ರ ತಪ್ಪದೆ ಏರಿತು. ಹಳೇ ಗಿರಾಕಿಯನ್ನು ಕೇಳುವವರು ಯಾರು?

2008ರ ಒಂದು ಭಾನುವಾರ ಕಲ್ಲವ್ವ ಮತ್ತೊಂದು ಕಾಗದ ತಂದಳು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಎದುರು ಮನಿ ಮಾಧುರೀದು ಇನ್ನ ಆರು ವರ್ಷಕ್ಕ ತೀರ್ತದಂತ್ರಿ. ನಂದು ಯಾವಾಗ ಅದ ನೋಡ್ರಿ. ರೊಟ್ಟಿ ಬಡದು ಬಡದು ಕೈ ಭಾಳ ನೋಯ್ತದ."

ಕಾಗದದಲ್ಲಿ 2027 ಎಂದಿತ್ತು. ಧರ್ಮಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮಾಧುರಿಯ ಸಾಲವೂ ಅದೇ ಕಂಪನಿಯದು, ಅದೇ ವರ್ಷದ್ದು. ಆಕೆ ಸಹಿ ಹಾಕಿದ್ದಳು, ಅಷ್ಟೇ ವ್ಯತ್ಯಾಸ. ಸುಳ್ಳು ಹೇಳಿಬಿಡೋಣ ಅನ್ನಿಸಿತು, ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಈಗರ ಸಹಿ ಮಾಡ್ಲೇನ್ರಿ?"

"ಆ ಮುದ್ದತು ಆವಾಗ್ಲೇ ಮುಗೀತವ್ವಾ. ನನ್ನ ಬುದ್ಧಿಗೆ ಬೆಂಕಿ ಬೀಳ್ಲಿ, ನಾನೇ ನಿನ್ನ ಹಾಳ ಮಾಡಿದೆ."

ಕಲ್ಲವ್ವ ಬೆರಳು ಮಡಚಿದಳು. ಆಗ ಆಕೆಗೆ ಐವತ್ತು. "ಎಪ್ಪತ್ತಕ್ಕ ಒಂದ ಕಮ್ಮಿ," ಅಂದಳು. "ಅಲ್ಲೀತನಾ ಕೈ ನಡೀಬೇಕಲ್ರಿ."

ಬೈದಿದ್ದರೆ ಧರ್ಮಣ್ಣ ಬದುಕಿಕೊಳ್ಳುತ್ತಿದ್ದ. ಆಕೆ ಬೈಯಲಿಲ್ಲ. "ಇಂಗ್ಲಿಷ್ ಕಾಗದ, ನಿಮಗರ ಹ್ಯಾಂಗ ತಿಳೀಬೇಕ್ರಿ," ಎಂದು ತಾನೇ ಅವನಿಗೆ ಸಮಾಧಾನ ಹೇಳಿದಳು. ತಿಳಿದಿತ್ತು, ಒಂದೊಂದು ಅಕ್ಷರವೂ ತಿಳಿದಿತ್ತು. ಅದನ್ನು ಹೇಳುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.

ಎದ್ದು ಹೋಗುವ ಮುಂಚೆ ಕಲ್ಲವ್ವ ಎಡಗೈಯಿಂದ ಬುತ್ತಿಯ ಗಂಟು ಬಿಚ್ಚಿ, ನಾಲ್ಕು ರೊಟ್ಟಿ ಎಣಿಸಿ ಅವನ ಮುಂದೆ ಇಟ್ಟಳು.