ಹೂ ಕಟ್ಟುತ್ತಾ ಕೇಳುವಾಕೆ

ಆಕೆ ಅಂದು ಉಟ್ಟಿದ್ದು ಹಸಿರು ಸೀರೆ ಎಂದು ನೆನಪು. ಅದನ್ನು ಆಮೇಲೆ ನೆನಪಿನಲ್ಲಿ ನಾನೇ ಉಡಿಸಿರಲೂಬಹುದು. ತಮಿಳುನಾಡಿನ ಗಡಿಯ ಹೊಸೂರಿನ ನಮ್ಮ ಕನ್ನಡ ಪುಸ್ತಕ ಬಳಗಕ್ಕೆ ಕೆಲಮಂಗಲದಿಂದ ಬರುತ್ತಿದ್ದ ಹೂವಾಡಗಿತ್ತಿ. ಯಾರು ಯಾವ ಕತೆ ಹೇಳಿದರೂ ಕತ್ತು ಮುಂದೆ ಚಾಚಿ, "ಆಮ್ಯಾಕೇನಾಯ್ತು?" ಎನ್ನುತ್ತಿದ್ದರು.

ಒಂದು ಭಾನುವಾರ ಎಲ್ಲರೂ ತಮ್ಮ ಓದಿನ ಅಭ್ಯಾಸ ಹೇಳಿಕೊಳ್ಳಬೇಕಾಯಿತು. ಸರದಿ ಬಂದಾಗ ಆಕೆ ಹಿಂದಿನ ವಾರ ಒಯ್ದಿದ್ದ ಪುಸ್ತಕವನ್ನು ಸೆರಗಿನಿಂದ ಒರೆಸಿದರು.

"ನಂಗೆ ಕನ್ನಡ ಓದಾಕ್ ಬರಲ್ಲ. ಇಸ್ಕೂಲೆಲ್ಲ ತಮಿಳು. ನಮ್ಮತ್ತೆ ಆನೇಕಲ್ ಕಡೇದು, ಅದು ಓದ್ತದೆ, ನಾನು ಹೂ ಕಟ್ತಾ ಕೇಳ್ತೀನಿ. ಬ್ಯಾಡಾಂದ್ರೆ ಎದ್ದೋಯ್ತೀನಿ."

ನಿವೃತ್ತ ಮೇಷ್ಟ್ರೊಬ್ಬರು ನಕ್ಕರು. "ಕುಂತ್ಕಳಮ್ಮ. ಇನ್ಮ್ಯಾಕೆ ಇಲ್ಲೂ ಗಟ್ಟಿಯಾಗೇ ಓದಾಣ. ನೀನು ಹೂವ ತರಾದು ಮರೀಬ್ಯಾಡ."

ಆಕೆ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಎರಡು ವರ್ಷದಿಂದ ಒಂದು ಪುಸ್ತಕವನ್ನೂ ಮುಗಿಸಿಲ್ಲವೆಂದು ನನ್ನ ಸರದಿಯಲ್ಲಿ ನಾನೂ ಹಗುರಾಗಿ ಒಪ್ಪಿಕೊಂಡೆ.

ಜವಳಗಿರಿಯಲ್ಲಿ ತಮಿಳು ಶಾಲೆಗೆ ಹೋಗಿದ್ದ ನನ್ನ ಅಮ್ಮ, ಮನೆಗೆ ಕನ್ನಡ ವಾರಪತ್ರಿಕೆ ಬಂದಾಗಲೆಲ್ಲ, "ಕೈ ಒದ್ದೆ ಐತೆ, ನೀನೇ ಓದು ಕಣೆ" ಎನ್ನುತ್ತಿದ್ದಳು. ಆ ಭಾನುವಾರ ಸಂಜೆ ಅವಳನ್ನು ಕೇಳಿದೆ: "ಆಗೆಲ್ಲ ನಿನ್ ಕೈ ನಿಜವಾಗ್ಲೂ ಒದ್ದೆ ಇತ್ತೇನಮ್ಮಾ?"